ಖಾಲಿ ಗೋಡೆಯ ಹಿಂದಿನ ಅಡುಗೆಮನೆ

ಹೆಸರುವಾಸಿ ಕಲಾವಿದರ ದೊಡ್ಡ ಪ್ರದರ್ಶನಗಳೆಂದರೆ ಬರೀ ಜಾತ್ರೆ, ಅದರಿಂದ ವಿದ್ವತ್ತಿಗೇನು ಲಾಭ ಎಂದು ಮೂಗು ಮುರಿಯುವವರುಂಟು. ನನಗೂ ಹಾಗೇ ಅನ್ನಿಸುತ್ತಿತ್ತು. 2023ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಏರ್ಪಡಿಸಿದ ವೆರ್ಮೀರನ ಪ್ರದರ್ಶನಕ್ಕೆ ನಾಲ್ಕು ತಿಂಗಳೊಳಗೆ 6.5 ಲಕ್ಷ ಜನ ಬಂದರು. 17ನೇ ಶತಮಾನದ ಈ ಡಚ್ ಕಲಾವಿದನವೆಂದು ಉಳಿದಿರುವ ಚಿತ್ರಗಳೇ ಸುಮಾರು 37. ಅವುಗಳಲ್ಲಿ 28 ಅಲ್ಲಿದ್ದವು. ಆ ನೂಕುನುಗ್ಗಲಿನಲ್ಲಿ ಯಾರಿಗೆ ಏನು ಕಂಡೀತು? ಆದರೆ ಜಾತ್ರೆಗೆ ಮುಂಚಿನ ಸಿದ್ಧತೆಯ ಬಗ್ಗೆ ಓದಿದ ಮೇಲೆ ನನ್ನ ಮನಸ್ಸು ಬದಲಾಯಿತು.

ವೆರ್ಮೀರನ 'ಹಾಲು ಸುರಿಯುವ ಹೆಂಗಸು' ಚಿತ್ರದ ಅಚ್ಚನ್ನು ನೀವೂ ಎಲ್ಲಾದರೂ ಕಂಡಿರಬಹುದು. ಕಿಟಕಿಯ ಬೆಳಕು, ಮೇಜಿನ ಮೇಲೆ ರೊಟ್ಟಿ, ತೋಳು ಮಡಚಿ ನಿಂತ ಅಡುಗೆಯಾಕೆ, ಹಿಂದೆ ಖಾಲಿ ಗೋಡೆ. ಎಂಥ ನೆಮ್ಮದಿಯ ಅಡುಗೆಮನೆ! ನಮ್ಮದೇಕೆ ಹೀಗಿಲ್ಲ ಎಂದು ನಾನು ಹೊಟ್ಟೆ ಉರಿದುಕೊಂಡದ್ದುಂಟು.

ಪ್ರದರ್ಶನಕ್ಕೆಂದು ಉಪಕರಣಗಳಿಂದ ಬಣ್ಣದ ಕೆಳಗೆ ಇಣುಕಿದಾಗ, 2022ರಲ್ಲಿ ಬೇರೊಂದು ಅಡುಗೆಮನೆ ಹೊರಬಿತ್ತು. ಆಕೆಯ ತಲೆಯ ಹಿಂದೆ ಹೂಜಿಗಳನ್ನು ತೂಗುಹಾಕುವ ಹಲಗೆ; ಕೆಳಗೆ, ಕೆಂಡದ ಕಾವಿನಲ್ಲಿ ಮಕ್ಕಳ ಬಟ್ಟೆ ಒಣಗಿಸುವ ಬುಟ್ಟಿ. ಎರಡನ್ನೂ ವೆರ್ಮೀರನೇ ಮುಚ್ಚಿಬಿಟ್ಟಿದ್ದ. 1675ರಲ್ಲಿ ಅವನು ತೀರಿಕೊಂಡಾಗ ಹೆಂಡತಿ ಕ್ಯಾಥರೀನಾಳಿಗೆ ಉಳಿದದ್ದು 11 ಮಕ್ಕಳು ಮತ್ತು ಸಾಲ. ಅಂಥ ಮನೆಯ ಯಜಮಾನನಿಗೆ ಒಣಹಾಕಿದ ಬಟ್ಟೆ ಗೊತ್ತಿರಲಿಲ್ಲವೇ? ಆ ನೆಮ್ಮದಿ ಅಡುಗೆಮನೆಯದಲ್ಲ, ಕುಂಚದ್ದು.

ಇನ್ನೊಂದು ಚಿತ್ರ, 'ಕೊಳಲು ಹಿಡಿದ ಹುಡುಗಿ', ಜಗಳವನ್ನೇ ತಂದಿತು. ಕೊರೋನಾ ಕಾಲದಲ್ಲಿ ಬಾಗಿಲು ಮುಚ್ಚಿದ್ದಾಗ ಪರೀಕ್ಷಿಸಿದ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ, ಇದು ವೆರ್ಮೀರನದಲ್ಲ ಎಂದು 2022ರಲ್ಲಿ ಸಾರಿತು. ಅವನು ಮೇಲ್ಪದರಕ್ಕೆ ನುಣ್ಣಗೆ ಅರೆದ ಬಣ್ಣ ಹಚ್ಚುತ್ತಿದ್ದ, ಇಲ್ಲಿಯದು ತರಿತರಿ. ಅರೆದ ಹದದಲ್ಲೇ ಕೈ ಯಾರದೆಂದು ಹೇಳುವುದು ನಮಗೇನು ಹೊಸದೇ! ಆದರೂ ಆಮ್‌ಸ್ಟರ್‌ಡ್ಯಾಮಿನವರು ಒಪ್ಪದೆ, ಅದನ್ನು ವೆರ್ಮೀರನದೆಂದೇ ತೂಗುಹಾಕಿದರು.

ಯಾರು ಸರಿಯೋ, ವಾದ ನಡೆಯಲಿ. ಜಾತ್ರೆ ಮುಗಿದು ಚಿತ್ರಗಳು ತಂತಮ್ಮ ಊರಿಗೆ ಮರಳಿದ ಮೇಲೂ ಉಳಿಯುವುದು ಇಂಥ ಪ್ರಶ್ನೆಗಳೇ. ನನಗಂತೂ ಒಂದು ಲಾಭವಾಯಿತು: ಆ ಖಾಲಿ ಗೋಡೆಯನ್ನು ನೋಡಿ ಈಗ ಹೊಟ್ಟೆ ಉರಿಯುವುದಿಲ್ಲ.