ಮರುಲ್ಲೋನಿಂದ ರಿಗೊಲೆಟ್ಟೋವರೆಗೆ

ಒಪೆರಾ ಅಂದ್ರೆ ಗಾಜು ಒಡೆಯೋ ಹಾಗೆ ಕಿರುಚೋದು ಅಂತ ಮುಖ ಸಿಂಡರಿಸೋ ಗೆಳೆಯರಿಗೆ ನಾನು ಕೇಳಿಸೋದು ಒಂದೇ ದನಿ: ಸೈಬೀರಿಯಾದ ದಿಮಿತ್ರಿ ಹ್ವೊರೊಸ್ಟೊವ್ಸ್ಕಿ. (ನಾಲಿಗೆ ತೊಡರುತ್ತೆ, ಗೊತ್ತು. ಇನ್ಮುಂದೆ ಬರೀ ದಿಮಿತ್ರಿ.)

ಈತ ಬ್ಯಾರಿಟೋನ್. ಗಂಡು ದನಿಗಳಲ್ಲಿ ಎತ್ತರದ್ದು ಟೆನರ್, ತಗ್ಗಿನದು ಬಾಸ್, ನಡುವಿನದು ಬ್ಯಾರಿಟೋನ್. ಒಪೆರಾದಲ್ಲಿ ಹೀರೋ ಹೆಚ್ಚಾಗಿ ಟೆನರ್. ಬ್ಯಾರಿಟೋನ್ ಪಾಲಿಗೆ ಬರೋದು ಅಪ್ಪ, ಗೆಳೆಯ, ಇಲ್ಲಾ ವಿಲನ್!

ದಿಮಿತ್ರಿ ಹುಟ್ಟಿದ್ದು 1962ರ ಅಕ್ಟೋಬರ್ 16ರಂದು, ಯೆನಿಸೇ ನದಿ ದಂಡೆಯ ಕ್ರಾಸ್ನೊಯಾರ್ಸ್ಕ್‌ನಲ್ಲಿ. ಅಪ್ಪ ಇಂಜಿನಿಯರ್, ಆದ್ರೆ ಪಿಯಾನೋ, ಹಾಡು ಅಂದ್ರೆ ಪ್ರಾಣ. ಮಗ ಹದಿಹರೆಯದಲ್ಲಿ ಬೀದಿ ಜಗಳ ಮಾಡ್ಕೊಂಡು ಮೂಗು ಮುರಿಸಿಕೊಂಡವನು, ರಾಕ್ ಬ್ಯಾಂಡಿನಲ್ಲಿ ಹಾಡ್ತಿದ್ದವನು. ಇಲ್ಲೇ ಇತಿಹಾಸ ಕೈ ಹಿಡಿದದ್ದು. ಕ್ರಾಸ್ನೊಯಾರ್ಸ್ಕ್‌ಗೆ ಸ್ವಂತ ಒಪೆರಾ ಥಿಯೇಟರ್ ಬಂದದ್ದು 1978ರಲ್ಲಿ, ಕಲಾ ಸಂಸ್ಥೆ ಶುರುವಾದದ್ದೂ ಅದೇ ವರ್ಷ. ಹುಡುಗನಿಗೆ ಆಗ ಹದಿನಾರು. ರೈಲಿನಲ್ಲಿ ನಾಲ್ಕು ಸಾವಿರ ಕಿಲೋಮೀಟರ್ ದೂರದ ಮಾಸ್ಕೋಗೆ ಹೋಗದೆ, ಊರಲ್ಲೇ ಯೆಕತೆರಿನಾ ಯೊಫೆಲ್ ಅನ್ನೋ ಗುರುವಿನ ಹತ್ತಿರ ಕಲಿತ. ಊರಿನ ಥಿಯೇಟರಲ್ಲೇ ರಂಗಕ್ಕೂ ಬಂದ. ಮೊದಲ ಪಾತ್ರ, ವರ್ದಿಯ 'ರಿಗೊಲೆಟ್ಟೋ'ದಲ್ಲಿ ಮರುಲ್ಲೋ ಅನ್ನೋ ಆಸ್ಥಾನಿಕ. ಚಿಕ್ಕ ಪಾತ್ರ, ಕೆಲವೇ ಸಾಲು. ಈ ಮರುಲ್ಲೋ ನೆನಪಿರಲಿ.

ಗೋರ್ಬಚೇವ್ ಕಾಲದಲ್ಲಿ ಬಾಗಿಲು ತೆರೆಯಿತು. 1989ರಲ್ಲಿ ವೇಲ್ಸ್‌ನ ಕಾರ್ಡಿಫ್ ಸ್ಪರ್ಧೆ. ಎದುರಾಳಿ ಅಲ್ಲಿನದೇ ಹುಡುಗ ಬ್ರಿನ್ ಟರ್ಫೆಲ್. ದೊಡ್ಡ ಬಹುಮಾನ ದಿಮಿತ್ರಿಗೆ, ಲೀಡರ್ (ಜರ್ಮನ್ ಭಾವಗೀತೆ ಅನ್ನಿ) ಬಹುಮಾನ ಬ್ರಿನ್‌ಗೆ. 'ಬ್ಯಾರಿಟೋನ್‌ಗಳ ಯುದ್ಧ' ಅಂತ ಇವತ್ತಿಗೂ ಅದರ ಮಾತಾಡ್ತಾರೆ. ಬೇಗ ಬೆಳ್ಳಗಾದ ಕೂದಲು, ಹುರಿಗಟ್ಟಿದ ಮೈ. ರೆಕಾರ್ಡ್ ಕಂಪನಿಗಳಿಗೆ ಇನ್ನೇನು ಬೇಕು! 1995ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾಗೂ ಕಾಲಿಟ್ಟ.

ಅಂದ ಹಾಗೆ, ಇವರು ಮೈಕ್ ಇಲ್ಲದೆ ಹಾಡ್ತಾರೆ. ಅಷ್ಟು ದೊಡ್ಡ ಆರ್ಕೆಸ್ಟ್ರಾದ ಮೇಲೆ ದನಿ ಹೇಗೆ ಕೇಳಿಸುತ್ತೆ? ಆರ್ಕೆಸ್ಟ್ರಾದ ಶಕ್ತಿ ಹೆಚ್ಚಾಗಿರೋದು ಸುಮಾರು 500 ಹರ್ಟ್ಸ್ ಹತ್ತಿರ. ಪಳಗಿದ ಗಂಡು ಗಂಟಲು 3000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಶಿಖರ ಎಬ್ಬಿಸುತ್ತೆ. ಅಲ್ಲಿ ಆರ್ಕೆಸ್ಟ್ರಾದ ಗದ್ದಲ ಕಮ್ಮಿ, ದನಿ ನುಸುಳಿ ಬರುತ್ತೆ. ನಮ್ಮಂಥ ಇಂಜಿನಿಯರ್‌ಗಳಿಗೆ ಇದಕ್ಕಿಂತ ಚೆಂದದ ಡಿಸೈನ್ ಸಿಗಲಿಕ್ಕಿಲ್ಲ. ಇನ್ನು ದಿಮಿತ್ರಿಯ ಉಸಿರು! ಬೇರೆಯವರು ಎರಡು ಕಡೆ ನಿಲ್ಲಿಸೋ ಸಾಲನ್ನ ಈತ ಒಂದೇ ಉಸಿರಲ್ಲಿ ಎಳೆದುಬಿಡ್ತಿದ್ದ. ವರ್ದಿಯ ಒರಟು ಪಾತ್ರಗಳಿಗೆ ಈ ದನಿ ತುಸು ನಯವಾಯ್ತು ಅನ್ನೋರಿದ್ರು. ನನಗೂ ಒಮ್ಮೊಮ್ಮೆ ಹಾಗನ್ಸತ್ತೆ.

2015ರ ಜೂನ್‌ನಲ್ಲಿ ಮಿದುಳಿನ ಗೆಡ್ಡೆ ಇದೆ ಅಂತ ಗೊತ್ತಾಯ್ತು. ಚಿಕಿತ್ಸೆಯ ನಡುವೆಯೇ ಸೆಪ್ಟೆಂಬರ್ 25ಕ್ಕೆ ಮೆಟ್‌ನಲ್ಲಿ 'ಇಲ್ ತ್ರೊವಾತೊರೆ' ಹಾಡಿದ. ಕೊನೆಗೆ ಆರ್ಕೆಸ್ಟ್ರಾದವರೇ ಬಿಳಿ ಗುಲಾಬಿಗಳನ್ನ ರಂಗದ ಮೇಲೆ ಎಸೆದರು. 2016ರ ಡಿಸೆಂಬರ್‌ನಲ್ಲಿ, ದೇಹದ ಸಮತೋಲನ ತಪ್ಪುತ್ತಿದೆ, ಇನ್ನು ಒಪೆರಾ ಆಗೋಲ್ಲ ಅಂತ ಪ್ರಕಟಿಸಿದ.

2017ರ ಮೇ 7. ಲಿಂಕನ್ ಸೆಂಟರ್‌ನಲ್ಲಿ ಮೆಟ್‌ಗೆ ಐವತ್ತು ತುಂಬಿದ ಸಂಭ್ರಮ. ಕಾರ್ಯಕ್ರಮ ಪಟ್ಟಿಯಲ್ಲಿ ಹೆಸರಿರಲಿಲ್ಲ, ಆದ್ರೂ ದಿಮಿತ್ರಿ ರಂಗಕ್ಕೆ ಬಂದ. ಹಾಡಿದ್ದು ರಿಗೊಲೆಟ್ಟೋವಿನ 'ಕೊರ್ತಿಜಾನಿ'. ಮಗಳನ್ನ ಹೊತ್ತೊಯ್ದ ಆಸ್ಥಾನಿಕರ ಮೇಲೆ ಗೂನುಬೆನ್ನಿನ ವಿದೂಷಕ ಮೊದಲು ಸಿಡಿದೇಳ್ತಾನೆ, ಆಮೇಲೆ ಕುಸಿದು ಬೇಡ್ತಾನೆ. ಅಷ್ಟು ಜನರಲ್ಲಿ ಆತ ಹೆಸರು ಹಿಡಿದು ಅಂಗಲಾಚೋದು ಒಬ್ಬನನ್ನೇ, ಮರುಲ್ಲೋನನ್ನ. ಮರುಲ್ಲೋ ತುಟಿ ಬಿಚ್ಚೋಲ್ಲ.

ಊರಿನ ಥಿಯೇಟರಲ್ಲಿ ಮೂವತ್ತು ವರ್ಷದ ಹಿಂದೆ ಸುಮ್ಮನೆ ನಿಂತು ಆ ಮೊರೆ ಕೇಳಿಸಿಕೊಂಡಿದ್ದ ಹುಡುಗ ಈಗ ಅದನ್ನ ತಾನೇ ಇಡ್ತಿದ್ದ. ವೀಡಿಯೋ ಇದೆ, ಹುಡುಕಿ ನೋಡಿ. ನಾನಂತೂ ಆ ಹೆಸರು ಬಂದಾಗ ಪ್ರತಿಸಲ ಹೆಡ್‌ಫೋನ್ ತೆಗೆದಿಟ್ಟು ಒಂದು ನಿಮಿಷ ಸುಮ್ನೆ ಕೂರ್ತೀನಿ.

ಜೂನ್ 2ರಂದು ಹುಟ್ಟೂರಲ್ಲಿ, ನೋಯೋ ತೋಳನ್ನ ಪಟ್ಟಿಯಲ್ಲಿ ನೇತು ಹಾಕ್ಕೊಂಡೇ ಹಾಡಿದ. ನವೆಂಬರ್ 22ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ವಯಸ್ಸು 55. ಚಿತಾಭಸ್ಮ ಅರ್ಧ ಮಾಸ್ಕೋದಲ್ಲಿ, ಇನ್ನರ್ಧ ಕ್ರಾಸ್ನೊಯಾರ್ಸ್ಕ್‌ನಲ್ಲಿ. ಮರುಲ್ಲೋ ಆಗಿ ನಿಂತಿದ್ದ ಆ ಥಿಯೇಟರಿಗೆ 2018ರಲ್ಲಿ ಆತನದೇ ಹೆಸರಿಟ್ಟರು.