ನಿಜಾಮರ ನಾಡಿನ ಕನ್ನಡ ಕಲ್ಲುಗಳು: ಓದಿದವರು, ಮರೆತವರು

ಹೈದರಾಬಾದಿನ ಪಶ್ಚಿಮ ಅಂಚಿನಲ್ಲಿರುವ ಮಿಯಾಪುರ ಇಂದು ಮೆಟ್ರೊ ಕೆಂಪು ಮಾರ್ಗದ ಕೊನೆಯ ನಿಲ್ದಾಣ. ಬೀದರಿಗೂ ಬೆಂಗಳೂರಿಗೂ ಬಸ್ಸು ಹತ್ತುವವರ ತಾಣ. ಮುಂಬಯಿ ಹೆದ್ದಾರಿ ಹಿಡಿದು ಇಲ್ಲಿಂದ ಪಶ್ಚಿಮಕ್ಕೆ ಹೊರಟರೆ 15 ಕಿಲೋಮೀಟರಿನೊಳಗೆ ಪಟಾನ್‌ಚೆರು ಸಿಗುತ್ತದೆ. ಕಲ್ಯಾಣ ಚಾಲುಕ್ಯರ ದೊರೆ ಎರಡನೆಯ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಳಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಸುರಪುರ ಸೀಮೆಯ ಮುದನೂರಿನಿಂದ ಬಂದ ದೇವರ ದಾಸಿಮಯ್ಯ ಈ ದೊರೆಯ ರಾಣಿ ಸುಗ್ಗಲದೇವಿಗೆ ಗುರುವಾದನೆಂದು ಶರಣ ಪರಂಪರೆ ಹೇಳುತ್ತದೆ. ಜಯಸಿಂಹನ ಮಗ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದ. ಈಗಿನ ಹೆದ್ದಾರಿಯೂ ಜಹೀರಾಬಾದ್, ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆಗೇ ಸಾಗುತ್ತದೆ.

ಇವೆಲ್ಲ ಇಂದು ನಮಗೆ ತಿಳಿದಿರುವುದಕ್ಕೆ ಕಾರಣ ಕಲ್ಲುಗಳು, ಮತ್ತು ಅವನ್ನು ಹುಡುಕಿ ಓದಿದ ಕೆಲವರು. ಅವರಲ್ಲಿ ಸೈನ್ಯದ ಅಧಿಕಾರಿ, ಚಿನ್ನ ಹುಡುಕುವ ಎಂಜಿನಿಯರ್, ಅರಬ್ಬಿ-ಪಾರ್ಸಿ ಪಂಡಿತ, ವಕೀಲ, ಶಾಸನತಜ್ಞ ಹೀಗೆ ನಾನಾ ಬಗೆಯವರಿದ್ದರು. ಹಲವರ ಮನೆಮಾತು ಕನ್ನಡವಲ್ಲ. ಹೈದರಾಬಾದ್ ಸಂಸ್ಥಾನದ ಕನ್ನಡ ಇತಿಹಾಸಕ್ಕೆ ಬುನಾದಿ ಹಾಕಿದ ಇವರಲ್ಲಿ ಹೆಚ್ಚಿನವರ ಹೆಸರು ಇಂದು ಸಂಶೋಧಕರ ಅಡಿಟಿಪ್ಪಣಿಯಲ್ಲಷ್ಟೇ ಉಳಿದಿದೆ. ಅವರ ಕೆಲಸದಲ್ಲಿ ಕೊರತೆಯಿತ್ತೆಂದು ಹೀಗಾಗಲಿಲ್ಲ. ಅವರು ದುಡಿದ ರಾಜ್ಯವೇ ನಕಾಶೆಯಿಂದ ಅಳಿಸಿಹೋಯಿತು.

ಮೊದಲ ಪ್ರತಿಗಳು, ಮೊದಲ ಅಗೆತ

ಕನ್ನಡ ಶಾಸನಗಳನ್ನು ದೊಡ್ಡ ಪ್ರಮಾಣದಲ್ಲಿ ಕಲೆಹಾಕಿದ ಮೊದಲಿಗರಲ್ಲಿ ವಾಲ್ಟರ್ ಎಲಿಯಟ್ ಒಬ್ಬರು. 1824ರ ಕಿತ್ತೂರು ಕಾಳಗದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ್ದ ಕಂಪನಿ ಅಧಿಕಾರಿ ಇವರೇ. ಮುಂದೆ ಧಾರವಾಡ ಸೀಮೆಯಲ್ಲಿದ್ದಾಗ ಊರೂರಿನ ಶಾಸನಗಳನ್ನು ಕೈಬರಹದಲ್ಲಿ ನಕಲು ಮಾಡಿಸಿ 595 ಪ್ರತಿಗಳನ್ನು ಕೂಡಿಸಿದರು. 1837ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಚಾಲುಕ್ಯರ ವಂಶಾವಳಿಗೆ ಒಂದು ಚೌಕಟ್ಟು ಸಿಕ್ಕಿತು. ಬಿಸಿಲಲ್ಲಿ ಕೂತು ಆ ಅಕ್ಷರಗಳನ್ನು ಬರೆದುಕೊಂಡ ಸ್ಥಳೀಯ ಪಂಡಿತರ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ.

ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಅವರನ್ನು ನಾವು ನೆನೆಯುವುದು ಕಾದಂಬರಿಕಾರರೆಂದು. ಸುರಪುರದವರಿಗೆ ಅವರು ಟೇಲರ್ ಮಂಜಿಲ್ ಕಟ್ಟಿಸಿದ ಸಾಹೇಬರು. ಬಾಲಕನಾಗಿದ್ದ ಅಲ್ಲಿನ ರಾಜನ ಪರವಾಗಿ 1853ರವರೆಗೆ ಆಡಳಿತ ನಡೆಸುತ್ತಲೇ ಟೇಲರ್ ಸುತ್ತಲಿನ ಹೊಲ, ದಿಬ್ಬಗಳಲ್ಲಿದ್ದ ಕಲ್ಲುಗೋರಿಗಳನ್ನು ಅಳೆದರು. ಜೇವರ್ಗಿ ಬಳಿ ಕೆಲವನ್ನು ಅಗೆಸಿ, ಯಾವ ಪದರದಲ್ಲಿ ಎಲುಬು, ಯಾವ ಪದರದಲ್ಲಿ ಮಡಕೆ ಎಂದು ಗುಂಡಿಯ ಅಡ್ಡಕೊಯ್ತದ ಚಿತ್ರ ಬರೆದಿಟ್ಟರು. ಗೋರಿಯಲ್ಲಿ ನಿಧಿ ಹುಡುಕುತ್ತಿದ್ದ ಕಾಲದಲ್ಲಿ ಪದರ ನೋಡಿ ಬರೆಯುವುದು ಬಲು ಅಪರೂಪ. ಈ ಗೋರಿಗಳಿಗೂ ಯುರೋಪಿನ ಪ್ರಾಚೀನ ಜನಾಂಗಗಳಿಗೂ ಅವರು ಹೆಣೆದ ನಂಟು ಇಂದು ನಿಲ್ಲುವುದಿಲ್ಲ. ಅವರ ಅಳತೆ, ನಕ್ಷೆಗಳು ಮಾತ್ರ ಇಂದಿಗೂ ಉಪಯೋಗಕ್ಕೆ ಬರುತ್ತವೆ. ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಅಧ್ಯಯನಕ್ಕೆ ಸುರಪುರದ ಹೊಲಗಳಲ್ಲಿ ಹೀಗೆ ಬಲ ಬಂತು.

ಮಸ್ಕಿ: ಸರಣಿಯ ಒಂದನೆಯ ಸಂಖ್ಯೆ

1914ರಲ್ಲಿ ಹೈದರಾಬಾದ್ ಸಂಸ್ಥಾನ ತನ್ನದೇ ಪುರಾತತ್ತ್ವ ಇಲಾಖೆಯನ್ನು ತೆರೆದು ಗುಲಾಮ್ ಯಾಜ್ದಾನಿ ಅವರ ಕೈಗೆ ಕೊಟ್ಟಿತು. ಮರುವರ್ಷವೇ ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಂಡೆಯ ಮೇಲಿನ ಬರಹ ಬಿತ್ತು. ಅವರು ಆ ಕಡೆ ಸುತ್ತುತ್ತಿದ್ದದ್ದು ಚಿನ್ನದ ನಿಕ್ಷೇಪಕ್ಕಾಗಿ. ಬರಹವನ್ನು ಓದಿ ಸಂಪಾದಿಸಿದವರು ಹೊಸಕೋಟೆ ಕೃಷ್ಣಶಾಸ್ತ್ರಿಗಳು (1870–1928). ‘ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್’ನ ಒಂದನೆಯ ಸಂಖ್ಯೆಯಾಗಿ 1915ರಲ್ಲಿ ಹೊರಬಂದದ್ದು ಅದೇ.

ಆ ಓದು ಏಕೆ ದೊಡ್ಡದು? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಮೇಲೂ ಬಂಡೆಗಳ ಮೇಲೆ ಸಿಗುತ್ತಿದ್ದದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಆ ದೊರೆ ಅಶೋಕನೇ ಎಂದು ಹೇಳಲು ಸಿಂಹಳದ ಗ್ರಂಥಗಳನ್ನು ನೆಚ್ಚಬೇಕಿತ್ತು. ಮಸ್ಕಿಯ ಬಂಡೆಯಲ್ಲಿ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರಿತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲೂ ಆ ಹೆಸರು ಸಿಕ್ಕಿತು. ಶಾಲೆಯ ಪುಸ್ತಕ ಓದಿದ ಪ್ರತಿ ಕನ್ನಡಿಗನಿಗೂ ಮಸ್ಕಿ ಗೊತ್ತು. ಬೀಡನ್ ಗೊತ್ತಿಲ್ಲ, ಕೃಷ್ಣಶಾಸ್ತ್ರಿಗಳೂ ಅಷ್ಟಾಗಿ ಗೊತ್ತಿಲ್ಲ.

ಕೊಪ್ಪಳದ ಕಥೆಯೂ ಹೀಗೇ. ಆಗ ಅದು ಸಾಲಾರ್‌ಜಂಗ್ ಜಹಗೀರು. ಅಲ್ಲಿ 1931ರಲ್ಲಿ ಎನ್.ಬಿ. ಶಾಸ್ತ್ರಿ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕ ಶಾಸನಗಳನ್ನು ಪತ್ತೆ ಮಾಡಿದರು. ಮರುವರ್ಷ ಭಾಷಾವಿಜ್ಞಾನಿ ಆರ್.ಎಲ್. ಟರ್ನರ್ ಅವುಗಳ ಪಾಠವನ್ನು ಅದೇ ಸರಣಿಯಲ್ಲಿ ಪ್ರಕಟಿಸಿದರು. 1935ರಲ್ಲಿ ಸಿ.ಆರ್. ಕೃಷ್ಣಮಾಚಾರ್ಲು ಕೊಪ್ಪಳದ ಕನ್ನಡ ಶಾಸನಗಳನ್ನೇ ಒಂದು ಪುಸ್ತಕವಾಗಿ ತಂದರು. ಕವಿರಾಜಮಾರ್ಗ ತಿರುಳ್ಗನ್ನಡದ ನೆಲದಲ್ಲಿ ಎಣಿಸಿದ ಕೊಪಣ ಎಂಥ ಜೈನ ತೀರ್ಥವಾಗಿತ್ತು ಎನ್ನುವುದಕ್ಕೆ ವ್ರತದಿಂದ ಮಡಿದ ಜೈನರ ನೆನಪಿಗೆ ಅಲ್ಲಿ ಕೆತ್ತಿದ ನಿಸಿಧಿ ಬರಹಗಳು ಸಾಕ್ಷಿಯಾದವು.

ಒಂದು ಪಡಿಯಚ್ಚಿನ ಹಿಂದೆ

ಈ ವಿದ್ವಾಂಸರ ಮೇಜಿಗೆ ಬರುತ್ತಿದ್ದದ್ದು ಕಲ್ಲಲ್ಲ, ಕಲ್ಲಿನ ಪಡಿಯಚ್ಚು. ಮೊದಲು ಕಲ್ಲಿನ ಮೇಲಿನ ಪಾಚಿ, ಸುಣ್ಣ, ಎಣ್ಣೆಯ ಜಿಡ್ಡನ್ನು ತಿಕ್ಕಿ ತೊಳೆಯಬೇಕು. ಒದ್ದೆ ಮಾಡಿದ ಗಟ್ಟಿ ಕಾಗದವನ್ನು ಹೊದಿಸಿ, ಅಕ್ಷರದ ಕುಳಿಗಳೊಳಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು. ಅರೆ ಒಣಗಿದಾಗ ಮಸಿ ಅದ್ದಿದ ಮೆತ್ತೆಯನ್ನು ಮೆಲ್ಲಗೆ ತಟ್ಟುತ್ತ ಹೋದರೆ ಉಬ್ಬು ಭಾಗ ಕಪ್ಪಾಗಿ, ಕೊರೆದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮಸಿ ಹೆಚ್ಚಾದರೆ ಅಕ್ಷರ ಮುಚ್ಚಿಹೋಗುತ್ತದೆ. ಗಾಳಿ ಬೀಸಿದರೆ ಕಾಗದ ಏಳುತ್ತದೆ. ಒಂದು ಸೊನ್ನೆ ಮೂಡದಿದ್ದರೆ ಊರಿನ ಹೆಸರೇ ಬದಲಾದೀತು. ಓದಿದವರ ಹೆಸರಾದರೂ ಮುಖಪುಟದಲ್ಲಿದೆ. ಪಡಿಯಚ್ಚು ತೆಗೆದ ಇಲಾಖೆಯ ಕೆಲಸಗಾರರ ಹೆಸರು ಅದರಲ್ಲಿಲ್ಲ.

ಯಾಜ್ದಾನಿಯವರ ಇಲಾಖೆ

ದೆಹಲಿಯಲ್ಲಿ ಹುಟ್ಟಿದ ಯಾಜ್ದಾನಿ (1885–1962) ಅರಬ್ಬಿ, ಪಾರ್ಸಿ ಶಾಸನಗಳ ವಿದ್ವಾಂಸರು. ಸುಮಾರು ಮೂರು ದಶಕ ಇಲಾಖೆ ನಡೆಸಿದರು. ಜಗತ್ತು ಅವರನ್ನು ಅಜಂತಾ ಸಂಪುಟಗಳಿಂದ ಅರಿಯುತ್ತದೆ. ಕನ್ನಡನಾಡು ಅವರನ್ನು ನೆನೆಯಬೇಕಾದದ್ದು ಬೀದರಿಗಾಗಿ. ಕೋಟೆಯ ಅರಮನೆಗಳು, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗೋರಿಗಳು, ಇವುಗಳ ಅಳತೆ, ನಕ್ಷೆ, ಬರಹಗಳೆಲ್ಲವೂ ಅವರ 1947ರ ಬೀದರ್ ಗ್ರಂಥದಲ್ಲಿವೆ. ಬೀದರಿನ ಬಗ್ಗೆ ಇಂದು ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗಲಾರರು. ತಮಗೆ ಪರಿಚಿತವಲ್ಲದ ಕನ್ನಡದ ಕೆಲಸವನ್ನು ತಿಳಿದವರಿಗೇ ಒಪ್ಪಿಸಿ, ಅಚ್ಚಿಗೆ ಸರ್ಕಾರದ ಹಣ ಒದಗಿಸಿದ್ದು ಅವರ ಆಡಳಿತದ ಇನ್ನೊಂದು ಗುಣ.

ರಾಜ್ಯ ಹೋದ ಮೇಲೆ ಬಂದ ಪುಸ್ತಕಗಳು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್, ಗುಲಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಇಲಾಖೆಯ ಕಚೇರಿ, ಪ್ರಕಟಣೆಗಳು, ಪಬ್ಲಿಕ್ ಗಾರ್ಡನ್ಸಿನ ವಸ್ತುಸಂಗ್ರಹಾಲಯ ಆಂಧ್ರಪ್ರದೇಶದಲ್ಲಿ ಉಳಿದವು. ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿ ಸಂಪಾದಿಸಿದ ಮಹತ್ವದ ಸಂಪುಟ ಹೊರಬಂದದ್ದು 1958ರಲ್ಲಿ. ಅದರ ಶೀರ್ಷಿಕೆಯಲ್ಲಿ ‘ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳು’ ಎಂದಿದೆ. ಅಷ್ಟು ಹೊತ್ತಿಗೆ ಆ ರಾಜ್ಯ ಇರಲಿಲ್ಲ, ಆ ಜಿಲ್ಲೆಗಳು ಪ್ರಕಾಶಕರ ಸರ್ಕಾರಕ್ಕೆ ಸೇರಿರಲಿಲ್ಲ. ಲಿಂಗಸುಗೂರು ಸೀಮೆಯ ಪಿಕ್ಲಿಹಾಳದಲ್ಲಿ ರೇಮಂಡ್ ಆಲ್ಚಿನ್ ನಡೆಸಿದ ಉತ್ಖನನದ ವರದಿಯನ್ನೂ 1960ರಲ್ಲಿ ಆಂಧ್ರ ಸರ್ಕಾರವೇ ಪ್ರಕಟಿಸಿತು. ದನ ಸಾಕುತ್ತಿದ್ದ ನವಶಿಲಾಯುಗದ ಜನರ ಬದುಕನ್ನು ಅರಿಯಲು ಅದು ಇಂದಿಗೂ ಬೇಕಾದ ವರದಿ.

ಹೀಗೆ ಈ ವಿದ್ವಾಂಸರು ಎರಡೂ ಕಡೆಗೆ ಹೊರಗಿನವರಾದರು. ಹೈದರಾಬಾದಿಗೆ ಕನ್ನಡ ಶಾಸನ ಪಕ್ಕದ ರಾಜ್ಯದ ವಿಷಯವಾಯಿತು. ಬೆಂಗಳೂರಿಗೆ ಶಾಸನವೆಂದರೆ ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’. ಅದರ ವ್ಯಾಪ್ತಿ ಹಳೆ ಮೈಸೂರು ಮತ್ತು ಕೊಡಗು. ರೈಸ್ ಮನೆಮಾತಾದರು. ದೇಸಾಯಿಯವರಿಗೆ ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವದ ನೆಲೆ ಸಿಕ್ಕರೂ ಅವರ ಹೈದರಾಬಾದ್ ಸಂಪುಟ ತಜ್ಞರ ಕಪಾಟಿನಲ್ಲೇ ಉಳಿಯಿತು.

ವಕೀಲರಾಗಿದ್ದ ಕಪಟರಾಳ ಕೃಷ್ಣರಾಯರದು ಇನ್ನೂ ಸೋಜಿಗದ ಸಂಗತಿ. ಭೀಮಾ ದಂಡೆಯ ಸನ್ನತಿಯ ಬೌದ್ಧ ಅವಶೇಷಗಳತ್ತ 1954ರಲ್ಲೇ ಬೆರಳು ತೋರಿದವರು ಅವರು. ಮುಂದೆ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯಲ್ಲೇ ಅಶೋಕನ ಶಾಸನಗಳು ಸಿಕ್ಕವು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯ ಅಸೋಕೊ’ ಎಂಬ ಬರಹವಿರುವ ಅಶೋಕನ ಉಬ್ಬುಶಿಲ್ಪವೇ ದೊರೆಯಿತು. ಸುದ್ದಿಯಾದದ್ದು ಶಿಲ್ಪ, ದಾರಿ ತೋರಿದವರ ಹೆಸರು ಆ ಸುದ್ದಿಯ ಜೊತೆ ಊರಾಡಲಿಲ್ಲ.

ಈಗಿನ ಸ್ಥಿತಿ

ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದ ಮೇಲೆ ಕಲ್ಯಾಣ ಕರ್ನಾಟಕದ ಶಾಸನಗಳು ಕನ್ನಡ ಓದುಗನ ಕೈಗೆಟುಕಿವೆ. ಗಡಿಯಾಚೆಯ ಕನ್ನಡ ಶಾಸನಗಳು ಮಾತ್ರ ಇನ್ನೂ ಬೇರೆಯೇ ಕಪಾಟಿನಲ್ಲಿವೆ. ಕೊಲನುಪಾಕ, ಆಲಂಪುರಗಳ ಬರಹಗಳನ್ನು ತೆಲುಗು ನಾಡಿನ ವಿದ್ವಾಂಸರ ಪ್ರಕಟಣೆಗಳಲ್ಲೇ ಹುಡುಕಬೇಕು. ಪಂಪನ ತಮ್ಮ ಜಿನವಲ್ಲಭ ಕರೀಂನಗರ ಸೀಮೆಯ ಕುರ್ಕ್ಯಾಲದ ಗುಡ್ಡದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಪಂಪನ ಮನೆತನದ ವಿವರಕ್ಕಾಗಿ ಕನ್ನಡಿಗರೂ ಹಳೆಯ ತೆಲುಗು ಕಂದಪದ್ಯಗಳಿಗಾಗಿ ತೆಲುಗರೂ ಅದೇ ಬಂಡೆಯ ಮುಂದೆ ನಿಲ್ಲುತ್ತಾರೆ. ಕನ್ನಡ ವಿದ್ಯಾರ್ಥಿ ತೆಲುಗು ಸಂಪುಟ ತೆರೆಯದೆ, ತೆಲುಗು ವಿದ್ಯಾರ್ಥಿ ಹಳಗನ್ನಡ ಕಲಿಯದೆ ಅದನ್ನು ಪೂರ್ತಿ ಓದಲು ಬರುವುದಿಲ್ಲ.

ಹೀಗಾಗಿ ಈ ಹಿರಿಯರಿಗೆ ಸಲ್ಲಬೇಕಾದದ್ದು ಪ್ರತಿಮೆಯಲ್ಲ. ಹೈದರಾಬಾದ್ ಸರಣಿಯ ಕನ್ನಡ ಸಂಪುಟಗಳನ್ನು ಕರ್ನಾಟಕ, ತೆಲಂಗಾಣ ಸರ್ಕಾರಗಳೆರಡೂ ಕೂಡಿ ಮರುಮುದ್ರಿಸಲಿ; ಹಳೆಯ ಪಾಠಗಳನ್ನು ಇಂದಿನ ಓದಿನೊಂದಿಗೆ ತಾಳೆ ನೋಡಿ ತಿದ್ದಲಿ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರೂ ತಮ್ಮ ಪಾಲಿನ ಕೆಲಸ ಮಾಡಬಹುದು. ಪಟಾನ್‌ಚೆರುವಿನ ಜೈನ ಶಿಲ್ಪಗಳು ಪಬ್ಲಿಕ್ ಗಾರ್ಡನ್ಸಿನ ವಸ್ತುಸಂಗ್ರಹಾಲಯದಲ್ಲಿವೆ. ಮಿಯಾಪುರದಲ್ಲಿ ಮೆಟ್ರೊ ಹತ್ತಿದವರು ಅಸೆಂಬ್ಲಿ ನಿಲ್ದಾಣದಲ್ಲಿ ಇಳಿದರೆ ಅದು ಹತ್ತಿರ. ಮಕ್ಕಳನ್ನು ಕರೆದೊಯ್ದು ಪೊಟ್ಟಳಕೆರೆಯ ಕಥೆ ಹೇಳುವಾಗ, ಅದನ್ನು ನಮಗೆ ತಿಳಿಸಿಕೊಟ್ಟವರ ಹೆಸರನ್ನೂ ಸೇರಿಸಿ ಹೇಳಬೇಕು.