ಗರಡಿಯಲ್ಲಿ ಗಾಂಧಿ: ಒಂದು ಸಮುದಾಯದ ಸ್ಮರಣವಿಧಾನ

1948ರ ಜನವರಿ 30ರಂದು ಮಹಾತ್ಮ ಗಾಂಧೀಜಿಯವರು ಹತರಾದ ಬಳಿಕ ದೇಶವು ಅವರನ್ನು ಹಲವು ಬಗೆಗಳಲ್ಲಿ ಸ್ಮರಿಸಿತು. ಫೆಬ್ರವರಿ 12ರಂದು ಪ್ರಯಾಗದ ಸಂಗಮದಲ್ಲಿ ಚಿತಾಭಸ್ಮದ ವಿಸರ್ಜನೆ ನಡೆಯಿತು. ಕ್ರಮೇಣ ಊರೂರುಗಳ ವೃತ್ತಗಳಲ್ಲಿ ಪ್ರತಿಮೆಗಳು ನಿಂತವು, ರಸ್ತೆಗಳು ಅವರ ಹೆಸರನ್ನು ಪಡೆದವು. ಇವುಗಳಿಗಿಂತ ಭಿನ್ನವಾದ ಸ್ಮರಣೆಯೊಂದು ಮಂಗಳೂರಿನ ಕಂಕನಾಡಿಯ ಶ್ರೀ ಬ್ರಹ್ಮ ಬೈದರ್ಕಳ ಗರಡಿಯಲ್ಲಿದೆ. ಅದೇ 1948ರಲ್ಲಿ ಅಲ್ಲಿ ಗಾಂಧೀಜಿಯವರ ಮಣ್ಣಿನ ಮೂರ್ತಿ ಪ್ರತಿಷ್ಠಾಪನೆಗೊಂಡಿತು. ಮುಂದೆ ಅದರ ಸ್ಥಾನಕ್ಕೆ ಅಮೃತಶಿಲೆಯ ವಿಗ್ರಹ ಬಂದಿತು. ಕ್ಷೇತ್ರದ ದೈವಗಳೊಂದಿಗೆ ಗಾಂಧೀಜಿಗೂ ನಿತ್ಯಪೂಜೆ ಸಲ್ಲುತ್ತದೆ.

ಇದನ್ನು ಅತಿಭಕ್ತಿಯ ವೈಚಿತ್ರ್ಯವೆಂದು ಬದಿಗಿಡುವ ಮುನ್ನ ಗರಡಿಯ ಸ್ವರೂಪವನ್ನು ಗಮನಿಸಬೇಕು. ಗರಡಿಯೆಂದರೆ ಮೂಲತಃ ಅಂಗಸಾಧನೆಯ ಮನೆ. ತುಳುನಾಡಿನಲ್ಲಿ ಅದು ಬೈದರ್ಕಳರೆನಿಸಿದ ಕೋಟಿ-ಚೆನ್ನಯರ ಆರಾಧನಾಸ್ಥಾನ. ದೇಯಿ ಬೈದೆತಿಯ ಈ ಅವಳಿ ಮಕ್ಕಳು ತಮಗೆ ಸಲ್ಲಬೇಕಾದುದನ್ನು ಪಡುಮಲೆಯ ಬಲ್ಲಾಳನಲ್ಲಿ ಕೇಳಿ, ಅದು ದೊರೆಯದಾಗ ಆ ಸೀಮೆಯನ್ನೇ ತೊರೆದವರು. ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಮಡಿದವರು. ಪಾಡ್ದನಗಳು ಅವರ ಬದುಕನ್ನು ಹಾಡಿದವು. ಗರಡಿಗಳು ಅವರ ಸಾವನ್ನು ದೈವತ್ವಕ್ಕೇರಿಸಿದವು. ಕನ್ನಡ ನಾಡಿಗೆ ಈ ಕ್ರಮ ಹೊಸತಲ್ಲ. ಹೋರಾಡಿ ಮಡಿದವನಿಗೆ ವೀರಗಲ್ಲು, ವ್ರತನಿಷ್ಠೆಯಿಂದ ದೇಹವನ್ನು ತೊರೆದವನಿಗೆ ನಿಸಿದಿ: ಸಾವಿನ ಬಗೆಗೆ ತಕ್ಕ ಗೌರವವನ್ನು ಈ ನೆಲ ಬಹುಕಾಲದಿಂದ ಸಲ್ಲಿಸುತ್ತ ಬಂದಿದೆ. ಗುಂಡಿಗೆ ಬಲಿಯಾದ ಗಾಂಧಿಯನ್ನು ಗರಡಿಗೆ ತಂದವರು ತಮಗೆ ಪರಿಚಿತವಾದ ಈ ಭಾಷೆಯಲ್ಲಿಯೇ ಶೋಕವನ್ನು ನುಡಿದರೆಂದು ಓದಬಹುದು.

ಇದಕ್ಕೊಂದು ಸಾಮಾಜಿಕ ಹಿನ್ನೆಲೆಯೂ ಇದೆ. ಗರಡಿಗಳನ್ನು ನಡೆಸಿಕೊಂಡು ಬಂದ ಬಿಲ್ಲವ ಸಮುದಾಯಕ್ಕೆ ಅನೇಕ ದೇವಾಲಯಗಳ ಬಾಗಿಲು ಮುಚ್ಚಿದ್ದಿತು. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದುದು ಆ ನೋವಿಗೆ ದೊರೆತ ಉತ್ತರ. 1920, 1927 ಮತ್ತು 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಕೊನೆಯ ಸಲ ಬಂದುದು ಅಸ್ಪೃಶ್ಯತಾ ನಿವಾರಣೆಯ ಯಾತ್ರೆಯಲ್ಲಿ. ಆಗ ಮಂಗಳೂರು ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ದೇವಾಲಯ ಪ್ರವೇಶದ ಕಾಯ್ದೆ ಬಂದುದು 1947ರಲ್ಲಿ. ಅದರ ಮರುವರ್ಷವೇ ಗರಡಿಯಲ್ಲಿ ಗಾಂಧಿಗೆ ಸ್ಥಾನ ದೊರೆಯಿತು. ದೇಗುಲದ ಹೊರಗೆ ನಿಲ್ಲಬೇಕಾಗಿದ್ದವರು ತಮ್ಮ ಸನ್ನಿಧಿಯ ಒಳಗೆ ಒಬ್ಬ ರಾಷ್ಟ್ರನಾಯಕನನ್ನು ಬರಮಾಡಿಕೊಂಡರು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ತಮ್ಮ ಮೂರ್ತಿಯನ್ನಿಟ್ಟು ಪೂಜಿಸುವುದನ್ನು ಗಾಂಧೀಜಿಯವರು ಬದುಕಿರುವಾಗಲೇ ‘ಹರಿಜನ’ ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದ್ದರು. ಆರತಿ ಎತ್ತಿದೊಡನೆ ಅನುಸರಣೆಯ ಹೊಣೆ ತೀರಿತೆಂಬ ಭ್ರಮೆ ಹುಟ್ಟಬಹುದೆಂಬ ಅಳುಕು ಸುಳ್ಳಲ್ಲ. ವೃತ್ತದ ಪ್ರತಿಮೆಗೆ ವರ್ಷಕ್ಕೊಮ್ಮೆ ಹಾರ ಹಾಕುವಲ್ಲಿಯೂ ಅದೇ ಅಪಾಯವಿದೆ.

ಬೈದರ್ಕಳರ ಲಾಂಛನ ಸುರಿಯವೆಂಬ ಆಯುಧ. ಆಯುಧ ಹಿಡಿದ ವೀರರ ಸನ್ನಿಧಿಯಲ್ಲಿ ಆಯುಧವನ್ನೇ ನಿರಾಕರಿಸಿದವನೂ ಪೂಜೆಗೊಳ್ಳುತ್ತಾನೆ. ಕೊಂದ ಸಾಮರ್ಥ್ಯಕ್ಕಿಂತ ನ್ಯಾಯಕ್ಕಾಗಿ ಸಾಯಲು ಸಿದ್ಧನಾದ ನಿಷ್ಠೆಯೇ ವೀರತನದ ಅಳತೆಯೆಂದು ಒಪ್ಪಿದಾಗ ಮಾತ್ರ ಈ ಸಹವಾಸಕ್ಕೆ ಅರ್ಥವಿದೆ. ಗ್ರಂಥಗಳಾಚೆಗೆ ಗಾಂಧಿಯನ್ನು ಅರಸುವ ಸಂಶೋಧಕರು ಈ ಗರಡಿಯನ್ನೂ ಒಂದು ಆಕರವೆಂದು ಪರಿಗಣಿಸಬೇಕು.